‘ಅದು ಹೊರಗೆ ಹೋಗೋ ಸೈನಿಕರಿಗೆ, ಹೆಂಡತಿಗಲ್ಲ’ ಅಂತಾರೆ ನಮ್ಮನೆಯವರು

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಮದುವೆಯಾಗಿ 4 ವರ್ಷ, ಒಂದು ಮಗು ಇದೆ. ಕಣ್ಣೆದುರು ಮಿಂಚು ಹೊಡೆದ ಹಾಗಾಗಿ ಆಮೇಲೆ ಅರೆತಲೆನೋವು ಬರುವ ತೊಂದರೆ ನನಗಿದೆ. ಅದಕ್ಕೆ ಗರ್ಭನಿರೋಧಕ ಮಾತ್ರೆ ಬೇಡ, ಸದ್ಯಕ್ಕೆ ಕಾಂಡೋಮ್ ಬಳಸಿ ಅಂತ ನಾನು ತೋರಿಸುವ ಡಾಕ್ಟರು ಹೇಳಿದರು. ನಮ್ಮನೆಯವರು ಸೇನೆಯಲ್ಲಿದ್ದಾರೆ, ವರ್ಷಕ್ಕೆ ಎರಡು ಸಲ ರಜೆಗೆ ಬರುತ್ತಾರೆ. ಈ ಸಲ ಬಂದಾಗ ಧೈರ್ಯ ಮಾಡಿ ನಾನೇ ಕೇಳಿದೆ. ‘ಅದು ಹೊರಗೆ ಹೋಗೋ ಸೈನಿಕರಿಗೆ ಅಂತ ಇರೋದು, ಹೆಂಡತಿ ಜೊತೆ ಯಾರು ಹಾಕ್ಕೋತಾರೆ? ನನ್ನ ಮೇಲೆ ಅನುಮಾನಾನಾ?’ ಅಂದರು. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಸಮಾಧಾನದಲ್ಲಿ ಏನೇನೋ ಹೇಳಿದರು. ಇಂಗ್ಲೆಂಡಿನ ರಾಜನಿಗೆ ಕಾಂಡೋಮ್ ಅನ್ನೋ ಡಾಕ್ಟರ್ ಮಾಡಿಕೊಟ್ಟಿದ್ದಂತೆ, ಯುದ್ಧದಲ್ಲಿ ಬಂದೂಕಿನ ತುದಿಗೆ ಹಾಕ್ತಿದ್ದರಂತೆ, ರಬ್ಬರ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರುತ್ತಂತೆ, ಹಾಕಲೇಬೇಕಂದ್ರೆ ಎರಡು ಹಾಕಬೇಕಂತೆ. ಇದರಲ್ಲಿ ಯಾವುದು ನಿಜ? ಇನ್ನೊಂದು ವಿಷಯ. ಅವರ ಟ್ರಂಕಿನಲ್ಲಿ ಒಡೆಯದ ಒಂದು ಹಳೆ ಪ್ಯಾಕೆಟ್ ಸಿಕ್ಕಿತು. ಅದನ್ನು ನೋಡಿದ ಮೇಲೆ ನನಗೇ ಮನಸ್ಸಿನಲ್ಲಿ ಏನೋ ಶುರುವಾಗಿದೆ. ಅದನ್ನು ಬಳಸಬಹುದಾ? ನಾನು ಕೇಳಿದ್ದೇ ತಪ್ಪಾಯ್ತಾ?

ಉತ್ತರ: ನೀವು ಕೇಳಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಉದ್ದಕ್ಕೂ ಒಂದು ಅಳುಕು ಕಾಣುತ್ತಿದೆ. ಬಂದೂಕು, ತೂತು, ರಾಜನ ಡಾಕ್ಟರ್ ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಆದರೆ ನಿಮ್ಮನ್ನು ನಿಜವಾಗಿ ಚುಚ್ಚಿದ್ದು ಅವರ ಆ ಒಂದು ಪ್ರಶ್ನೆ, ಅಲ್ವಾ? ನನ್ನ ಮೇಲೆ ಅನುಮಾನಾನಾ ಅನ್ನೋದು.

ಲೈಂಗಿಕ ಆರೋಗ್ಯದ ಕ್ಲಿನಿಕ್‌ನಲ್ಲಿ ಕೂರಲು ಶುರುಮಾಡಿ 20 ವರ್ಷ ದಾಟಿತು. ಈ ಮಾತನ್ನು ನಾನು ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಕೇಳಿಲ್ಲ. ಗಂಡಸರೂ ಹೇಳುತ್ತಾರೆ, ಹೆಂಗಸರೂ ಹೇಳುತ್ತಾರೆ. ಗಂಡ ತಾನಾಗಿಯೇ ಕಾಂಡೋಮ್ ತಂದರೆ ‘ಯಾಕೆ, ನಿಮಗೇನಾದ್ರೂ ಕಾಯಿಲೆ ಇದ್ಯಾ?’ ಅಂತ ಹೆಂಡತಿ ಕೇಳಿ ಜಗಳವಾಗಿ, ಇಬ್ಬರೂ ನನ್ನ ಮುಂದೆ ಬಂದು ಕೂತಿದ್ದೂ ಇದೆ. ಮಾತ್ರೆ ನುಂಗಿದರೆ ಯಾರೂ ಹೀಗೆ ಕೇಳುವುದಿಲ್ಲ. ಕಾಪರ್ ಟಿ ಹಾಕಿಸಿಕೊಂಡರೂ ಕೇಳುವುದಿಲ್ಲ. ಕಾಂಡೋಮ್ ಅಂದ ಕೂಡಲೇ ಮಾತು ನೇರವಾಗಿ ನಡತೆಗೆ ಹೋಗಿ ನಿಲ್ಲುತ್ತದೆ.

ಈ ಅನುಮಾನ ನಿಮ್ಮ ಮನೆಯವರ ತಲೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ಈ ವಸ್ತುವಿನ ಮೇಲೆ ಬೇರೆಯವರು ಅಂಟಿಸಿದ್ದು, ಒಂದು ಕಾಲದಲ್ಲಂತೂ ಪ್ಯಾಕೆಟ್ ಮೇಲೆ ಅಕ್ಷರದಲ್ಲೇ ಅಚ್ಚು ಹಾಕಿದ್ದು. ಆ ಕಥೆ ಸ್ವಲ್ಪ ಉದ್ದ. ಆದರೂ ಹೇಳುತ್ತೇನೆ, ಅವರೂ ಓದಲಿ.

1494ರಲ್ಲಿ ಫ್ರಾನ್ಸಿನ ರಾಜ 8ನೇ ಚಾರ್ಲ್ಸ್ ದೊಡ್ಡ ಸೈನ್ಯ ಕಟ್ಟಿಕೊಂಡು ಇಟಲಿಗೆ ನುಗ್ಗಿದ. ಮರುವರ್ಷ ನೇಪಲ್ಸ್ ಊರು ಹಿಡಿದ. ಆ ಸೈನ್ಯದಲ್ಲಿ ಸಿಫಿಲಿಸ್ ಅನ್ನುವ, ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ ಕಾಣಿಸಿಕೊಂಡಿತು. ಈಗಿನ ಹಾಗೆ ಒಂದು ನೋವಿಲ್ಲದ ಹುಣ್ಣಾಗಿ ಶುರುವಾಗಿ ವರ್ಷಗಟ್ಟಲೆ ಒಳಗೇ ಕೂರುವ ಕಾಯಿಲೆ ಅಲ್ಲ ಅದು. ಮೈಯೆಲ್ಲ ಹುಣ್ಣು, ಮೂಳೆ ಕೊರೆಯುವ ನೋವು, ತಿಂಗಳುಗಳಲ್ಲೇ ಸಾವು. ಆ ಸೈನ್ಯದಲ್ಲಿ ನಾನಾ ದೇಶದ ಬಾಡಿಗೆ ಸೈನಿಕರಿದ್ದರು. ಅವರು ಮನೆಗೆ ಹಿಂತಿರುಗಿದಾಗ ಕಾಯಿಲೆಯೂ ಅವರ ಜೊತೆ ಊರೂರಿಗೆ ಹೋಯಿತು. ಇಟಲಿಯವರು ಅದನ್ನು ಫ್ರೆಂಚರ ರೋಗ ಅಂದರು. ಫ್ರೆಂಚರು ನೇಪಲ್ಸ್ ರೋಗ ಅಂದರು. ರಷ್ಯದವರು ಪೋಲೆಂಡಿನವರ ತಲೆಗೆ ಕಟ್ಟಿದರು. ಭಾವಪ್ರಕಾಶ ಅನ್ನುವ 16ನೇ ಶತಮಾನದ ಆಯುರ್ವೇದ ಗ್ರಂಥದಲ್ಲಿ ಇದರ ಹೆಸರು ಫಿರಂಗ ರೋಗ, ಅಂದರೆ ಪರಂಗಿಯವರ ಕಾಯಿಲೆ. ನೋಡಿ, ಹೆಸರಿಡುವಾಗಲೇ ಎಲ್ಲರೂ ಬೇರೆಯವರ ಕಡೆ ಬೆರಳು ತೋರಿಸಿದರು. ನನಗೆ ಇದು ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಆಗ ಚಾಚಿದ ಆ ಬೆರಳು ಇವತ್ತಿನವರೆಗೂ ಮಡಚಿಲ್ಲ.

ಇಟಲಿಯ ವೈದ್ಯ ಗೇಬ್ರಿಯೆಲೆ ಫಾಲೋಪಿಯೊ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಅಂಡನಾಳಗಳನ್ನು ಫಾಲೋಪಿಯನ್ ನಾಳ ಅನ್ನುವುದನ್ನು ಕೇಳಿರುತ್ತೀರಿ, ಅದೇ ಮನುಷ್ಯ. ಅವನು ತೀರಿಕೊಂಡ ಮೇಲೆ 1564ರಲ್ಲಿ ಸಿಫಿಲಿಸ್ ಬಗ್ಗೆ ಅವನ ಪುಸ್ತಕ ಬಂತು. ಅಳತೆಗೆ ಕತ್ತರಿಸಿದ ಲಿನನ್ ಬಟ್ಟೆಯನ್ನು ಮದ್ದಿನ ನೀರಲ್ಲಿ ನೆನೆಸಿ ಒಣಗಿಸಿ ಬಳಸುವ ವಿಧಾನ ಅದರಲ್ಲಿದೆ. 1,100 ಗಂಡಸರ ಮೇಲೆ ನೋಡಿದೆ, ಒಬ್ಬನಿಗೂ ಕಾಯಿಲೆ ತಗುಲಲಿಲ್ಲ ಅಂತ ಬರೆದುಕೊಂಡಿದ್ದಾನೆ. ಆ ಲೆಕ್ಕವನ್ನು ಹಾಗೇ ನಂಬಬೇಕಾಗಿಲ್ಲ. ಗಮನಿಸಬೇಕಾದ್ದು ಬೇರೆ. ಆ ಬಟ್ಟೆ ಇದ್ದದ್ದು ಕಾಯಿಲೆಗೆ. ಬಸಿರಿನ ಸುದ್ದಿಯೇ ಇಲ್ಲ.

ಸೈನಿಕರ ಜೊತೆ ಇದಕ್ಕಿರುವ ನಂಟು ಎಷ್ಟು ಹಳೆಯದು ಅನ್ನುವುದಕ್ಕೆ ಕೈಗೆ ಸಿಗುವ ಸಾಕ್ಷಿ ಇಂಗ್ಲೆಂಡಿನ ಡಡ್ಲಿ ಕೋಟೆಯದು. 1640ರ ದಶಕದ ಅಂತರ್ಯುದ್ಧದಲ್ಲಿ ಅಲ್ಲಿ ರಾಜನ ಕಡೆಯ ಪಡೆ ಇತ್ತು. ಕೋಟೆ ಒಡೆದಾಗ ಅದರ ಪಾಯಿಖಾನೆ ಗುಂಡಿ ಮುಚ್ಚಿಹೋಯಿತು. 1980ರ ದಶಕದಲ್ಲಿ ಅಗೆದಾಗ ಅದರೊಳಗೆ ಪ್ರಾಣಿಯ ಕರುಳಿನಿಂದ ಮಾಡಿದ ಕಾಂಡೋಮ್‌ಗಳ ಚೂರು ಸಿಕ್ಕವು. ಸೈನಿಕರು ಬಳಸಿ ಎಸೆದದ್ದು, 300 ವರ್ಷಕ್ಕಿಂತ ಜಾಸ್ತಿ ಕಾಲ ಆ ಹೊಲಸಿನೊಳಗೆ ಕೊಳೆಯದೆ ಉಳಿದಿತ್ತು.

ಇಲ್ಲೇ ರಾಜನ ಡಾಕ್ಟರ್ ವಿಷಯ ಮುಗಿಸಿಬಿಡೋಣ. ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸ್‌ಗೆ ಅಕ್ರಮ ಮಕ್ಕಳು ಹೆಚ್ಚಾದವು, ಅದಕ್ಕೆ ಕಾಂಡೋಮ್ ಅನ್ನುವ ಆಸ್ಥಾನ ವೈದ್ಯ ಇದನ್ನು ಕಂಡುಹಿಡಿದ ಅನ್ನೋದು ಎಲ್ಲ ಕಡೆ ಹರಿದಾಡುವ ಕಥೆ. ಅಂಥ ವೈದ್ಯನ ದಾಖಲೆ ಯಾರಿಗೂ ಸಿಕ್ಕಿಲ್ಲ. ಆ ರಾಜ ಪಟ್ಟಕ್ಕೆ ಬಂದದ್ದು 1660ರಲ್ಲಿ, ಡಡ್ಲಿಯ ಗುಂಡಿ ಅದಕ್ಕೆ ಮೊದಲೇ ಮುಚ್ಚಿತ್ತು. ಫ್ರಾನ್ಸಿನಲ್ಲಿ ಕಾಂಡೋಮ್ ಅನ್ನುವ ಊರಿದೆ ನಿಜ, ಆ ಊರಿಗೂ ಇದಕ್ಕೂ ನಂಟಿದೆ ಅನ್ನೋದಕ್ಕೂ ಆಧಾರ ಇಲ್ಲ. ಪದದ ಮೂಲ ಇವತ್ತಿಗೂ ಬಗೆಹರಿದಿಲ್ಲ.

ಆ ಕಾಲದ ಕಾಂಡೋಮ್ ಹೇಗೆ ಮಾಡುತ್ತಿದ್ದರು ಅಂತ ಒಮ್ಮೆ ನೋಡಿ. ಕುರಿಯ ಕುರುಡು ಕರುಳನ್ನು, ಅಂದರೆ ಒಂದು ತುದಿ ಮುಚ್ಚಿರುವ ಚೀಲದಂಥ ಕರುಳನ್ನು, ನೀರಲ್ಲಿ ನೆನೆಸಬೇಕು. ಒಳಗನ್ನು ಹೊರಗೆ ಮಾಡಿ ಕ್ಷಾರದ ನೀರಲ್ಲಿ ಮತ್ತೆ ಮತ್ತೆ ಅದ್ದಬೇಕು. ಒಳಪೊರೆಯನ್ನು ಹರಿಯದಂತೆ ಕೆರೆದು ತೆಗೆಯಬೇಕು. ಗಂಧಕದ ಹೊಗೆ ಕೊಡಬೇಕು, ಸೋಪು ನೀರಲ್ಲಿ ತೊಳೆಯಬೇಕು, ಊದಿ ಉಬ್ಬಿಸಿ ಒಣಗಿಸಬೇಕು. ಕೊನೆಗೆ ಅಳತೆಗೆ ಕತ್ತರಿಸಿ ಬಾಯಿಗೆ ರಿಬ್ಬನ್ ಹೊಲಿಯಬೇಕು. ಒಣಗಿದ ಮೇಲೆ ಅದು ಕಾಗದದ ಹಾಗೆ ಸೆಟೆದುಕೊಳ್ಳುತ್ತಿತ್ತು, ನೀರಲ್ಲಿ ನೆನೆಸದೆ ಹಾಕಿಕೊಳ್ಳಲು ಆಗುತ್ತಲೇ ಇರಲಿಲ್ಲ. ಇಷ್ಟು ಕೆಲಸದ ವಸ್ತು ಅಗ್ಗವಾಗುವುದು ಹೇಗೆ? ದುಡ್ಡಿದ್ದವರು ಕೊಂಡರು, ತೊಳೆದು ಮತ್ತೆ ಮತ್ತೆ ಬಳಸಿದರು. ಬಡ ಸೈನಿಕನ ಕೈಗೆ ಅದು ಎಟುಕಲಿಲ್ಲ.

1717ರಲ್ಲಿ ಡೇನಿಯಲ್ ಟರ್ನರ್ ಅನ್ನುವ ಲಂಡನ್ನಿನ ವೈದ್ಯ ಬರೆದದ್ದನ್ನು ನಿಮ್ಮ ಮನೆಯವರಿಗೆ ತೋರಿಸಬೇಕು. ಕಾಯಿಲೆ ತಡೆಯಲು ಸದ್ಯಕ್ಕೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಆದರೂ ಸುಖ ಕಮ್ಮಿಯಾಗುತ್ತೆ ಅಂತ ಎಷ್ಟೋ ಗಂಡಸರು ಕಾಯಿಲೆ ಬಂದರೆ ಬರಲಿ ಅಂತ ಬಿಟ್ಟುಬಿಡುತ್ತಾರೆ ಅಂತ ಆತ ಹೇಳುತ್ತಾನೆ. 300 ವರ್ಷ ಆಯ್ತು. ಕಳೆದ ವಾರ ನನ್ನ ಕ್ಲಿನಿಕ್‌ನಲ್ಲಿ ಒಬ್ಬರು ಹೇಳಿದ್ದೂ ಇದೇ. ಆ ದೂರು ಸುಳ್ಳಲ್ಲ, ಅದಕ್ಕೆ ಪರಿಹಾರವೂ ಇದೆ, ಮುಂದೆ ಹೇಳುತ್ತೇನೆ.

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರ್‌ಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟದೆ, ಚಳಿಗೆ ಬಿರಿಯದೆ ಇರುತ್ತದೆ ಅಂತ ಕಂಡುಕೊಂಡ. 1850ರ ದಶಕದಲ್ಲಿ ರಬ್ಬರ್ ಕಾಂಡೋಮ್ ಬಂತು. ದಪ್ಪ, ಉದ್ದಕ್ಕೂ ಬೆಸುಗೆಯ ಗೆರೆ. ಅದನ್ನೂ ತೊಳೆದು ಮತ್ತೆ ಬಳಸುತ್ತಿದ್ದರು. ಗಾಜಿನ ಅಚ್ಚನ್ನು ರಬ್ಬರ್ ದ್ರಾವಣದಲ್ಲಿ ಅದ್ದಿ ಬೆಸುಗೆಯೇ ಇಲ್ಲದ ತೆಳು ಕಾಂಡೋಮ್ ತೆಗೆಯುವುದನ್ನು ಪಳಗಿಸಿದವನು ಬರ್ಲಿನ್ನಿನ ಯಹೂದಿ ಉದ್ಯಮಿ ಜೂಲಿಯಸ್ ಫ್ರಾಮ್. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಅವನ ಸರಕು ಪೇಟೆಗೆ ಬಂತು. ಜರ್ಮನಿಯಲ್ಲಿ ಕಾಂಡೋಮ್‌ಗೆ ಅವನ ಹೆಸರೇ ನಿಂತುಹೋಯಿತು. 1938ರಲ್ಲಿ ನಾಜಿಗಳು ಅವನ ಕಾರ್ಖಾನೆಯನ್ನು ಕವಡೆ ಕಾಸಿಗೆ ಕಿತ್ತುಕೊಂಡು ಹಿಟ್ಲರನ ಬಲಗೈ ಬಂಟ ಗೋರಿಂಗ್‌ನ ಧರ್ಮಮಾತೆಯ ಕೈಗೆ ಕೊಟ್ಟರು. ಫ್ರಾಮ್ 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿದ ಕೆಲವೇ ದಿನಕ್ಕೆ, ಲಂಡನ್ನಿನಲ್ಲಿ ತೀರಿಕೊಂಡ. ನಿಮ್ಮ ಪ್ರಶ್ನೆಗೆ ಇದು ನೇರ ಸಂಬಂಧ ಇಲ್ಲ. ಆದರೆ ಆ ಮನುಷ್ಯನನ್ನು ಸುಮ್ನೆ ದಾಟಿ ಹೋಗಲು ನನಗೆ ಮನಸ್ಸಾಗಲಿಲ್ಲ.

ಈಗ ಅನುಮಾನದ ಬುಡಕ್ಕೆ ಬರೋಣ. 1873ರಲ್ಲಿ ಅಮೆರಿಕದಲ್ಲಿ ಕಾಮ್‌ಸ್ಟಾಕ್ ಕಾಯಿದೆ ಬಂತು. ಬಸಿರು ತಡೆಯುವ ಯಾವ ಸಾಮಾನನ್ನೂ, ಅದರ ಬಗ್ಗೆ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದು ಅಪರಾಧ ಆಯಿತು. ಗಂಡ ಹೆಂಡತಿ ಬಸಿರು ಮುಂದೂಡುವುದು ಅಶ್ಲೀಲ ಅನ್ನುವ ಲೆಕ್ಕ. 1918ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಫ್ರೆಡರಿಕ್ ಕ್ರೇನ್ ಒಂದು ತೀರ್ಪಿನಲ್ಲಿ ಒಂದು ಸಂದಿ ಬಿಟ್ಟರು. ಕಾಯಿಲೆ ತಡೆಗಾದರೆ ವೈದ್ಯರು ಇದನ್ನು ಸೂಚಿಸಬಹುದು ಅಂದರು. ಆ ಸಂದಿಯಲ್ಲೇ ತಯಾರಕರು ನುಸುಳಿದರು. ಮುಂದೆ ಎಷ್ಟೋ ವರ್ಷ ಅಲ್ಲಿನ ಪ್ಯಾಕೆಟ್‌ಗಳ ಮೇಲೆ ‘ರೋಗ ತಡೆಗೆ ಮಾತ್ರ’ ಅಂತ ಅಚ್ಚಾಗುತ್ತಿತ್ತು. ಹೆಂಡತಿಯ ಆರೋಗ್ಯಕ್ಕೆ ಅಂತ ಕೊಂಡವನ ಕೈಯಲ್ಲೂ ಅದೇ ಪ್ಯಾಕೆಟ್. ಅದನ್ನು ಮನೆಗೆ ತಂದರೆ ಹೆಂಡತಿ ಏನಂದುಕೊಳ್ಳಬೇಕು ಹೇಳಿ? ಬಸಿರು ತಡೆಯುವ ಒಂದು ಸಾಮಾನ್ಯ ವಸ್ತುವಿನ ಮೇಲೆ ಕಾನೂನೇ ಕಾಯಿಲೆಯ ಮುದ್ರೆ ಒತ್ತಿತು. ಕಾಯಿಲೆ ಅಂದ ಮೇಲೆ ಹೊರಗಿನ ಸಹವಾಸ ಅಂತ ಅರ್ಥ. ನಿಮ್ಮ ಮನೆಯವರ ಬಾಯಿಂದ ಬಂದದ್ದೂ ಆ ಮುದ್ರೆಯ ಮಾತೇ.

ಅದೇ ಹೊತ್ತಿಗೆ ಸೇನೆಗಳು ಏನು ಮಾಡುತ್ತಿದ್ದವು? ಮೊದಮೊದಲು ಕಾಯಿಲೆಗೆ ಹೆಂಗಸರನ್ನೇ ಹೊಣೆ ಮಾಡಿದವು. 1864ರಿಂದ ಬ್ರಿಟನ್ನಿನ ಕಾಯಿದೆಗಳ ಪ್ರಕಾರ ದಂಡಿನ ಊರುಗಳಲ್ಲಿ ವೇಶ್ಯೆ ಅಂತ ಅನುಮಾನ ಬಂದ ಹೆಂಗಸನ್ನು ಪೊಲೀಸರು ಹಿಡಿದು ಬಲವಂತದಿಂದ ಪರೀಕ್ಷೆ ಮಾಡಿಸಬಹುದಿತ್ತು, ಕಾಯಿಲೆ ಇದ್ದರೆ ಆಸ್ಪತ್ರೆಯಲ್ಲಿ ಕೂಡಿಹಾಕಬಹುದಿತ್ತು. ಜೊತೆಗೆ ಹೋದ ಸೈನಿಕನಿಗೆ ಈ ಯಾವುದೂ ಇಲ್ಲ. ಜೋಸೆಫೀನ್ ಬಟ್ಲರ್ ಅನ್ನುವ ಹೆಣ್ಣುಮಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1886ರಲ್ಲಿ ಆ ಕಾಯಿದೆಗಳು ರದ್ದಾದವು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಕಾಂಡೋಮ್ ಕೊಟ್ಟಿತು. ಅಮೆರಿಕ ಕೊಡಲಿಲ್ಲ. ಕೊಟ್ಟರೆ ತಪ್ಪು ದಾರಿಗೆ ನಾವೇ ತಳ್ಳಿದ ಹಾಗೆ ಅನ್ನುವುದು ಅಲ್ಲಿನ ನೌಕಾಪಡೆ ಮಂತ್ರಿ ಜೋಸೆಫಸ್ ಡೇನಿಯಲ್ಸ್ ನಿಲುವು. ಸಂಯಮದ ಭಾಷಣ ಕೊಟ್ಟರು. ಹೋಗಿಯೇ ಬಂದವನಿಗೆ ಕೆಲವು ಗಂಟೆಯೊಳಗೆ ಮೂತ್ರನಾಳಕ್ಕೆ ಬೆಳ್ಳಿಯ ಔಷಧ ಹಾಕಿ ಪಾದರಸದ ಮುಲಾಮು ಹಚ್ಚುವ ಕೇಂದ್ರ ತೆರೆದರು. ಯುದ್ಧ ಮುಗಿಯುವ ಹೊತ್ತಿಗೆ ಲೈಂಗಿಕ ಕಾಯಿಲೆಗಳಿಂದ ಅಮೆರಿಕದ ಸೇನೆ ಕಳೆದುಕೊಂಡ ದಿನಗಳ ಮೊತ್ತ ಸುಮಾರು 70 ಲಕ್ಷ. ಬ್ರಿಟಿಷ್ ಸೇನೆಯಲ್ಲಿ ಸುಮಾರು 4 ಲಕ್ಷ ಸಲ ಸೈನಿಕರು ಇದೇ ಕಾರಣಕ್ಕೆ ಆಸ್ಪತ್ರೆ ಸೇರಿದರು.

ಈ ಕಥೆಯಲ್ಲಿ ನನಗೆ ತುಂಬಾ ಬೇಕಾದವರು ಎಟ್ಟಿ ರೌಟ್. ನ್ಯೂಜಿಲೆಂಡಿನಿಂದ ಸೈನಿಕರ ಸೇವೆಗೆ ಅಂತ ಹೋದವರು. ಹುಡುಗರು ಗುಂಡಿಗಿಂತ ಜಾಸ್ತಿ ಈ ಕಾಯಿಲೆಯಿಂದ ಹಾಸಿಗೆ ಹಿಡಿಯುವುದನ್ನು ಕಣ್ಣಾರೆ ಕಂಡರು. ಉಪದೇಶ ಬಿಟ್ಟು ಒಂದು ಪುಟ್ಟ ಕಿಟ್ ಕಟ್ಟಿದರು. ಕಾಂಡೋಮ್, ಮುಲಾಮು, ತೊಳೆದುಕೊಳ್ಳಲು ಪೊಟ್ಯಾಶಿಯಂ ಪರ್ಮಾಂಗನೇಟಿನ ಹರಳು. ಇಂಗ್ಲೆಂಡಿನಲ್ಲಿ ತಾವೇ ಹಂಚಿದರು. 1917ರ ಕೊನೆಗೆ ನ್ಯೂಜಿಲೆಂಡ್ ಸೇನೆ ಆ ಕಿಟ್ಟನ್ನು ಒಪ್ಪಿ, ರಜೆಗೆ ಹೊರಟ ಪ್ರತಿ ಸೈನಿಕನಿಗೂ ಕಡ್ಡಾಯ ಮಾಡಿತು. ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬದಲಿಗೆ ಅವರ ಹೆಸರನ್ನು ನ್ಯೂಜಿಲೆಂಡಿನ ಪತ್ರಿಕೆಗಳಲ್ಲಿ ಅಚ್ಚು ಹಾಕಬಾರದು ಅಂತ ಸರ್ಕಾರ ನಿಷೇಧ ಹೇರಿತು, ಹಾಕಿದರೆ 100 ಪೌಂಡ್ ದಂಡ. ಅವರು ಹಿಂದೆ ಸರಿಯಲಿಲ್ಲ. ಪ್ಯಾರಿಸ್ಸಿಗೆ ಹೋಗಿ ರೈಲ್ವೆ ನಿಲ್ದಾಣದಲ್ಲಿ ನಿಂತು, ಇಳಿದು ಬರುವ ಹುಡುಗರನ್ನು ಅಕ್ಕನ ಹಾಗೆ ಕೆನ್ನೆಗೆ ಮುತ್ತಿಟ್ಟು ಎದುರುಗೊಂಡು, ಕೈಗೆ ಚೀಟಿ ಕೊಟ್ಟು ಎಚ್ಚರ ಹೇಳಿ ಕಳಿಸುತ್ತಿದ್ದರು. 1922ರಲ್ಲಿ ಗಂಡ ಹೆಂಡತಿಯರಿಗೆ ಅಂತಲೇ ಒಂದು ಪುಸ್ತಕ ಬರೆದರು. ಅದನ್ನೂ ಅವರ ದೇಶ ನಿಷೇಧಿಸಿತು. ಸೈನಿಕನ ಕಿಸೆಗೆ ಕಾಂಡೋಮ್ ಹೋಗಬಹುದಂತೆ, ಹೆಂಡತಿಯ ಕೈಗೆ ಅದರ ತಿಳಿವಳಿಕೆ ಹೋಗಬಾರದಂತೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎರಡನೇ ಮಹಾಯುದ್ಧಕ್ಕೆ ಅಮೆರಿಕ ಪಾಠ ಕಲಿತಿತ್ತು. ತಿಂಗಳಿಗೆ 5 ಕೋಟಿಯವರೆಗೆ ಕಾಂಡೋಮ್ ಹಂಚಿದ, ಮಾರಿದ ಲೆಕ್ಕ ಇದೆ. 1920ರಿಂದ ಈಚೆಗೆ ದ್ರವ ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲು, ಬಳಕೆಗೆ ಬಂದು ತಯಾರಿಕೆ ಸಲೀಸಾಗಿತ್ತು. ಹಳೆ ರಬ್ಬರ್‌ನದ್ದು ಮೂರು ತಿಂಗಳಿಗೆ ಹಾಳಾಗುತ್ತಿತ್ತು, ಲ್ಯಾಟೆಕ್ಸ್‌ನದ್ದು ವರ್ಷಗಟ್ಟಲೆ ಬಾಳುತ್ತಿತ್ತು. ನಿಮ್ಮ ಮನೆಯವರು ಹೇಳಿದ ಬಂದೂಕಿನ ಮಾತು ಪೂರಾ ನಿಜ. 1944ರಲ್ಲಿ ನಾರ್ಮಂಡಿ ತೀರಕ್ಕೆ ಇಳಿಯುವಾಗ ಉಪ್ಪುನೀರು, ಮರಳು ಹೋಗದಿರಲಿ ಅಂತ ಸೈನಿಕರು ಬಂದೂಕಿನ ನಳಿಗೆ ಬಾಯಿಗೆ ಕಾಂಡೋಮ್ ಹಾಕಿಕೊಂಡಿದ್ದರು. ಇನ್ನೊಂದು ಸಂಗತಿ ಅವರಿಗೂ ಗೊತ್ತಿರಲಿಕ್ಕಿಲ್ಲ. ಹಡಗಿನ ತಳಕ್ಕೆ ಅಯಸ್ಕಾಂತದಿಂದ ಅಂಟಿಸುವ ಲಿಂಪೆಟ್ ಅನ್ನೋ ಬಾಂಬನ್ನು ಬ್ರಿಟಿಷರು ಮಾಡಿದರು. ಅಂಟಿಸಿದವನು ಈಜಿ ದೂರ ಹೋಗುವ ತನಕ ಅದು ಸಿಡಿಯಬಾರದು. ಅದಕ್ಕೆ ಒಳಗೆ ಸೋಂಪಿನ ಮಿಠಾಯಿ ಗುಂಡು ಇಟ್ಟರು, ನೀರಲ್ಲಿ ನಿಧಾನಕ್ಕೆ ಕರಗಿ ಕೊನೆಗೆ ಕೀಲು ಬಿಡಲಿ ಅಂತ. ಆ ಮಿಠಾಯಿಗೆ ಮೊದಲೇ ತೇವ ತಗುಲಬಾರದಲ್ಲ, ಅದರ ಮೇಲೆ ಹಾಕಿದ್ದು ಕಾಂಡೋಮ್.

ಇದೇ ಯುದ್ಧದ ಇನ್ನೊಂದು ಮುಖವನ್ನು ಬಿಟ್ಟರೆ ತಪ್ಪಾಗುತ್ತದೆ. ಜಪಾನಿ ಸೇನೆಯೂ ತನ್ನವರಿಗೆ ಕಾಂಡೋಮ್ ಕೊಡುತ್ತಿತ್ತು. ಅದರ ಹೆಸರಿಗೆ ಹೆಚ್ಚುಕಮ್ಮಿ ‘ನುಗ್ಗು, ನಂಬರ್ ಒನ್’ ಅಂತ ಅರ್ಥ. ಅದು ಹೋಗುತ್ತಿದ್ದದ್ದು ಕೊರಿಯಾ, ಚೀನಾ ಮತ್ತೆಷ್ಟೋ ನಾಡುಗಳ ಹೆಣ್ಣುಮಕ್ಕಳನ್ನು ಕೂಡಿಹಾಕಿದ್ದ ಜಾಗಗಳಿಗೆ. ಸರಕು ಸಾಲದಿದ್ದಾಗ ಬಳಸಿದ್ದನ್ನು ತೊಳೆದು ಒಣಗಿಸಿ ಮತ್ತೆ ಸಿದ್ಧ ಮಾಡಿಡುವ ಕೆಲಸವೂ ಆ ಹೆಣ್ಣುಮಕ್ಕಳದೇ ಆಗಿತ್ತು ಅಂತ ಬದುಕಿ ಬಂದವರು ಹೇಳಿದ್ದಾರೆ. ಅಲ್ಲಿ ಕಾಂಡೋಮ್ ಇದ್ದದ್ದು ಸೈನಿಕನನ್ನು ಉಳಿಸಲು, ಅವಳನ್ನು ಉಳಿಸಲು ಅಲ್ಲ. ಸೇನೆಗಳ ಲೆಕ್ಕದಲ್ಲಿ ಬಹಳ ಕಾಲ ಅದು ಹಾಗೇ ಇತ್ತು.

ಆಮೇಲಿನದ್ದು ಬೇಗ ಹೇಳುತ್ತೇನೆ. 1943ರಲ್ಲಿ ಪೆನಿಸಿಲಿನ್ ಸಿಫಿಲಿಸ್ ವಾಸಿ ಮಾಡುತ್ತದೆ ಅಂತ ಗೊತ್ತಾಯಿತು. 1960ರಲ್ಲಿ ಗರ್ಭನಿರೋಧಕ ಮಾತ್ರೆ ಬಂತು. ಕಾಂಡೋಮ್ ಮೂಲೆ ಸೇರಿತು. 1981ರಲ್ಲಿ ಏಡ್ಸ್‌ನ ಮೊದಲ ವರದಿಗಳು ಬಂದ ಮೇಲೆ ಮತ್ತೆ ಮುಂದೆ ಬಂತು. ಅಲ್ಲೂ ಒಂದು ಸೇನೆಯ ಲೆಕ್ಕವೇ ನಮಗೆ ದೊಡ್ಡ ಸಾಕ್ಷಿ. ಥಾಯ್ಲೆಂಡ್ 1991ರಲ್ಲಿ ದೇಶದ ಎಲ್ಲ ವೇಶ್ಯಾಗೃಹಗಳಲ್ಲೂ ಕಾಂಡೋಮ್ ಕಡ್ಡಾಯ ಮಾಡಿತು. ಅಲ್ಲಿ 21 ವರ್ಷದ ಹುಡುಗರನ್ನು ಚೀಟಿ ಎತ್ತಿ ಸೇನೆಗೆ ತೆಗೆದುಕೊಳ್ಳುತ್ತಾರೆ, ಅವರ ರಕ್ತ ಪರೀಕ್ಷೆ ಆಗುತ್ತದೆ. ಉತ್ತರ ಥಾಯ್ಲೆಂಡಿನಲ್ಲಿ 1991 ಮತ್ತು 1993ರಲ್ಲಿ ಸೇರಿದವರಲ್ಲಿ ನೂರಕ್ಕೆ 10ರಿಂದ 12 ಮಂದಿಗೆ ಎಚ್‌ಐವಿ ಇತ್ತು. 1995ರಲ್ಲಿ ಸೇರಿದವರಲ್ಲಿ ನೂರಕ್ಕೆ 7ಕ್ಕಿಂತ ಕಮ್ಮಿ.

ಹಾಗಾದರೆ ತೂತಿನ ಮಾತು? ಸುಳ್ಳು. ಹರಿಯದ ಲ್ಯಾಟೆಕ್ಸ್ ಹಾಳೆಯನ್ನು ವೀರ್ಯಾಣುವೂ ದಾಟುವುದಿಲ್ಲ, ಎಚ್‌ಐವಿ ವೈರಸ್ಸೂ ದಾಟುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿ ಸಲ ತಯಾರಾದ ಸರಕಿನಿಂದ ಒಂದಿಷ್ಟು ತೆಗೆದು 300 ಮಿಲಿಲೀಟರ್ ನೀರು ತುಂಬಿಸಿ ಸೋರುತ್ತದಾ ನೋಡುತ್ತಾರೆ, ಗಾಳಿ ಊದಿ ಎಷ್ಟಕ್ಕೆ ಒಡೆಯುತ್ತದೆ ಅಂತ ಅಳೆಯುತ್ತಾರೆ. ಈ ಕಥೆ ಹುಟ್ಟಿದ್ದಕ್ಕೆ ಒಂದು ಕಾರಣ ಬಹುಶಃ ಕುರಿ ಕರುಳಿನ ಕಾಂಡೋಮ್. ಅದು ಈಗಲೂ ಕೆಲವು ಕಡೆ ಮಾರಾಟಕ್ಕಿದೆ. ಅದರಲ್ಲಿ ನಿಜವಾಗಿಯೂ ಸೂಕ್ಷ್ಮ ರಂಧ್ರ ಇರುತ್ತವೆ, ವೀರ್ಯಾಣು ತಡೆದರೂ ವೈರಸ್ ತಡೆಯುವುದಿಲ್ಲ.

ಎರಡು ಹಾಕುವುದು ಬೇಡವೇ ಬೇಡ. ರಬ್ಬರ್ ಮೇಲೆ ರಬ್ಬರ್ ಉಜ್ಜಿ ಹರಿಯುವ, ಜಾರುವ ಸಾಧ್ಯತೆ ಜಾಸ್ತಿಯಾಗುತ್ತದೆ. ಸರಿಯಾದ ಒಂದೇ ಸಾಕು.

ಇನ್ನು ನಿಮ್ಮ ಆಯ್ಕೆಗಳು. ಕಣ್ಣೆದುರು ಮಿಂಚು ಬರುವ ಅರೆತಲೆನೋವು ಇದ್ದವರು ಈಸ್ಟ್ರೋಜೆನ್ ಅನ್ನುವ ಹಾರ್ಮೋನು ಇರುವ ಮಾತ್ರೆ ತಗೊಂಡರೆ ಮೆದುಳಿನ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಇದನ್ನು ನಿಮ್ಮ ಮನೆಯವರಿಗೆ ಮೊದಲು ಹೇಳಿ, ಕಾಂಡೋಮ್ ಅನ್ನುವ ಪದಕ್ಕಿಂತ ಮೊದಲು. ಅವರು ವರ್ಷಕ್ಕೆ ಎರಡು ಸಲ ಬರುವವರು. ಆ ಕೆಲವು ವಾರಕ್ಕೋಸ್ಕರ ನೀವು ವರ್ಷಪೂರ್ತಿ ಔಷಧ ತಗೊಳ್ಳುವ ಬದಲು ಕಾಂಡೋಮ್ ನಿಮ್ಮಂಥ ಜೋಡಿಗೆ ಚೆನ್ನಾಗಿ ಹೊಂದುತ್ತದೆ. ತಪ್ಪದೆ, ಸರಿಯಾಗಿ ಬಳಸಿದರೆ ವರ್ಷದಲ್ಲಿ ನೂರು ಜೋಡಿಯಲ್ಲಿ ಸುಮಾರು 2 ಜೋಡಿಗೆ ಬಸಿರಾಗಬಹುದು. ಜನ ನಿಜವಾಗಿ ಬಳಸುವ ರೀತಿಯಲ್ಲಿ, ಅಂದರೆ ಒಮ್ಮೊಮ್ಮೆ ಬಿಟ್ಟು, ತಡವಾಗಿ ಹಾಕಿ, ಸುಮಾರು 13 ಜೋಡಿಗೆ. ಈ ಅಂತರ ಪೂರ್ತಿ ನಿಮ್ಮಿಬ್ಬರ ಕೈಯಲ್ಲಿದೆ. ಶುರುವಿನಿಂದಲೇ ಹಾಕಬೇಕು. ತುದಿಯ ಗಾಳಿ ಹಿಂಡಿ ತೆಗೆಯಬೇಕು. ಮುಗಿದ ಕೂಡಲೇ ಬುಡ ಹಿಡಿದುಕೊಂಡು ಹೊರಗೆ ತೆಗೆಯಬೇಕು. ಎಣ್ಣೆ, ವ್ಯಾಸಲೀನ್, ಕ್ರೀಮ್ ಯಾವುದನ್ನೂ ಲ್ಯಾಟೆಕ್ಸ್‌ಗೆ ಹಚ್ಚಬಾರದು, ನಿಮಿಷಗಳಲ್ಲೇ ಅದರ ಬಲ ಹೋಗಿಬಿಡುತ್ತದೆ. ಜಾರುವಿಕೆ ಬೇಕಾದರೆ ನೀರಿನ ಅಥವಾ ಸಿಲಿಕೋನ್ ಆಧಾರದ ಜೆಲ್ ತಗೊಳ್ಳಿ. ಟರ್ನರ್ ಕಾಲದ ಆ ಸುಖದ ದೂರಿಗೂ ಇದೇ ಮೊದಲ ಮದ್ದು. ಅಳತೆ ಸರಿಯಿಲ್ಲದೆ ಬಿಗಿಯುತ್ತಿದ್ದರೆ ಬೇರೆ ಅಳತೆ ನೋಡಲಿ, ತೆಳುವಾದದ್ದು ನೋಡಲಿ. ಯಾರಿಗಾದರೂ ತುರಿಕೆ, ಉರಿ ಬಂದರೆ ಅದು ಲ್ಯಾಟೆಕ್ಸ್ ಅಲರ್ಜಿ ಇರಬಹುದು, ಪಾಲಿಯುರೆಥೇನ್ ಅಥವಾ ಪಾಲಿಐಸೊಪ್ರೀನ್‌ನದ್ದು ಬಳಸಬಹುದು.

ಅಕಸ್ಮಾತ್ ಹರಿದರೆ ಗಾಬರಿ ಬೇಡ. ಲೆವೊನಾರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತಗೊಳ್ಳಿ. ಅದರಲ್ಲಿ ಈಸ್ಟ್ರೋಜೆನ್ ಇಲ್ಲ, ನಿಮ್ಮ ತಲೆನೋವಿಗೆ ಅಡ್ಡಿಯಿಲ್ಲ. ಆದರೆ ಅದನ್ನು ರೂಢಿ ಮಾಡಿಕೊಳ್ಳಬೇಡಿ.

ಕಾಂಡೋಮ್ ಆಗಲೇ ಇಲ್ಲ ಅಂದರೆ ಕಾಪರ್ ಟಿ ಇದೆ. ಬಸಿರು ತಡೆಯುವುದರಲ್ಲಿ ಕಾಂಡೋಮ್‌ಗಿಂತ ಗಟ್ಟಿ, ಹಾರ್ಮೋನು ಇಲ್ಲ. ಕೆಲವರಿಗೆ ಮುಟ್ಟಿನ ರಕ್ತಸ್ರಾವ, ಹೊಟ್ಟೆನೋವು ಜಾಸ್ತಿಯಾಗುತ್ತದೆ. ಅಪರೂಪಕ್ಕೆ ಜಾರಿ ಹೊರಬರುವುದೂ ಇದೆ. ಈಸ್ಟ್ರೋಜೆನ್ ಇಲ್ಲದೆ ಪ್ರೊಜೆಸ್ಟಿನ್ ಅನ್ನುವ ಹಾರ್ಮೋನು ಒಂದೇ ಇರುವ ಮಾತ್ರೆ, ಚುಚ್ಚುಮದ್ದು ಕೂಡ ನಿಮ್ಮಂಥವರಿಗೆ ಸಾಮಾನ್ಯವಾಗಿ ಆಗುತ್ತದೆ, ಮುಟ್ಟು ಏರುಪೇರಾಗಬಹುದು. ಯಾವುದಕ್ಕೂ ನಿಮ್ಮನ್ನು ನೋಡುವ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಇವು ಯಾವುವೂ ಸೋಂಕು ತಡೆಯುವುದಿಲ್ಲ ಅನ್ನುವುದು ಗೊತ್ತಿರಲಿ. ವೀರ್ಯ ಹೊರಗೆ ಚೆಲ್ಲುವ ಉಪಾಯವನ್ನು ಮಾತ್ರ ನಂಬಿ ಕೂರಬೇಡಿ, ವರ್ಷದಲ್ಲಿ ನೂರರಲ್ಲಿ ಸುಮಾರು 20 ಜೋಡಿಗೆ ಅದು ಕೈಕೊಡುತ್ತದೆ.

ಕೊನೆಗೆ ಆ ಪ್ಯಾಕೆಟ್. ಅದು ಏನನ್ನೂ ಸಾಬೀತು ಮಾಡುವುದಿಲ್ಲ. ನಾನು ಇಷ್ಟು ಹೊತ್ತು ಹೇಳಿದ್ದೇ ಅದನ್ನು, ಸೇನೆ ಮತ್ತು ಕಾಂಡೋಮ್ ನೂರಾರು ವರ್ಷದಿಂದ ಒಟ್ಟಿಗೇ ಇವೆ. ಸಿಕ್ಕಿದ್ದನ್ನು ಟ್ರಂಕಿಗೆ ಹಾಕಿ ಮರೆತವರು ಬೇಕಾದಷ್ಟು ಮಂದಿ, ಅದು ಒಡೆದೂ ಇಲ್ಲ ಅಂತ ನೀವೇ ಬರೆದಿದ್ದೀರಿ. ನೀವು ಕಾಂಡೋಮ್ ಕೇಳಿದ್ದಕ್ಕೆ ತಮ್ಮ ಮೇಲೆ ಅನುಮಾನ ಪಟ್ಟಿರಿ ಅಂತ ಅವರು ಅಂದುಕೊಂಡರು, ನೀವು ಕಾಂಡೋಮ್ ನೋಡಿ ಅವರ ಮೇಲೆ ಅನುಮಾನ ಪಡುತ್ತಿದ್ದೀರಿ. ಅದೇ ಮುದ್ರೆ ನಿಮ್ಮಿಬ್ಬರನ್ನೂ ಹಿಡಿದಿದೆ. ಆದರೂ ಮನಸ್ಸು ಒಪ್ಪದಿದ್ದರೆ ಅದನ್ನು ಅದುಮಿಟ್ಟುಕೊಳ್ಳಬೇಡಿ. ಇಬ್ಬರೂ ಒಟ್ಟಿಗೆ ಹೋಗಿ ಎಚ್‌ಐವಿ, ಸಿಫಿಲಿಸ್‌ಗೆ ರಕ್ತ ಪರೀಕ್ಷೆ ಮಾಡಿಸಿ. ಒಬ್ಬರನ್ನೇ ಕಳಿಸಿದರೆ ಅದು ತನಿಖೆ ಆಗುತ್ತದೆ. ಇಬ್ಬರೂ ಹೋದರೆ ಹಾಗಾಗುವುದಿಲ್ಲ, ಎಷ್ಟೋ ಜೋಡಿ ಹಗುರಾಗಿ ಎದ್ದು ಹೋದದ್ದನ್ನು ನಾನು ನೋಡಿದ್ದೇನೆ.

ಬಳಸುವ ವಿಷಯಕ್ಕೆ ಬಂದರೆ, ಬೇಡ. ಕಾಂಡೋಮ್‌ನ ಆಯಸ್ಸು ಹೆಚ್ಚೆಂದರೆ 5 ವರ್ಷ, ಅದೂ ತಂಪಾದ ಜಾಗದಲ್ಲಿ. ಕಬ್ಬಿಣದ ಟ್ರಂಕು ಬಿಸಿಲಿಗೆ ಕಾಯುತ್ತದೆ, ಬಿಸಿಗೆ ಲ್ಯಾಟೆಕ್ಸ್ ಒಳಗೇ ಒಣಗಿ ಬಿರಿಯುತ್ತದೆ, ಹೊರಗಿಂದ ಗೊತ್ತಾಗುವುದಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಕಮೋಡಿಗೆ ಬೇಡ, ಪೈಪ್ ಕಟ್ಟಿಕೊಳ್ಳುತ್ತದೆ. ಹೊಸದನ್ನು ಕೊಳ್ಳುವಾಗ ಪ್ಯಾಕೆಟ್ ಹಿಂದಿನ ತಾರೀಖು ನೋಡಿ, ಬೆರಳಲ್ಲಿ ಒತ್ತಿದರೆ ಒಳಗೆ ಗಾಳಿ ಇರುವುದು ತಿಳಿಯಬೇಕು. ಮುಂದಿನ ರಜೆಗೆ ಅವರು ಬರುವ ಮೊದಲೇ ತಂದಿಡಿ, ಇಬ್ಬರ ಕೈಗೂ ಸಿಗುವ ಕಡೆ, ಟ್ರಂಕಿನಲ್ಲಲ್ಲ.